ಗಾಜಿನ ಬಾಗಿಲಿಗೆ ಯಲ್ಲವ್ವನ ಹೆಸರು

ಬ್ಲೇಡು ಮೊಂಡಾಗಿರಬಹುದು. ಮೊಂಡಾಗಿರದಿದ್ದರೆ ಅತಿ ಚೂಪಾಗಿರಬಹುದು. ಒತ್ತಡ ಜಾಸ್ತಿಯಾಗಿರಬಹುದು, ಕಡಿಮೆಯೂ ಆಗಿರಬಹುದು. ಸ್ಪೀಡು ಹೆಚ್ಚಿರಬಹುದು. ಹಾಳೆಯನ್ನು ಹಿಡಿದೆಳೆಯುವ ರಬ್ಬರ್ ಗಾಲಿ ಸವೆದಿರಬಹುದು. ವಿನೈಲ್ ಅನ್ನುವ ಅಂಟುಹಾಳೆ ಅಂಗಡಿಯಲ್ಲಿದ್ದಾಗಲೇ ಮುದಿಯಾಗಿರಬಹುದು. ಟೇಬಲ್ಲಿನ ಒಂದು ಕಾಲು ಗಿಡ್ಡವಿರಬಹುದು. ಕಂಪ್ಯೂಟರಿನ ಕನ್ನಡ ಫಾಂಟು ಕೈಕೊಟ್ಟಿರಬಹುದು. ಪಕ್ಕದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಶುರುವಾದ ಕೂಡಲೇ ನಮ್ಮ ಮನೆಯ ವೋಲ್ಟೇಜು ಇಳಿಯುತ್ತಿರಬಹುದು. ಅಥವಾ ಮಿಷನ್ನೇ ದಂಡವಾಗಿರಬಹುದು.

ಇಷ್ಟೂ ಕಾರಣ ನನಗೆ ಹೊಳೆದದ್ದು ಹಲ್ಲುಜ್ಜುವಷ್ಟರಲ್ಲಿ. (ಮುಖ ತೊಳೆಯುವಾಗ ಇನ್ನಷ್ಟು ಹೊಳೆದವು. ಅವನ್ನೂ ಬರೆದರೆ ಅಂಕಣ ಅಲ್ಲಿಗೇ ಮುಗಿಯುತ್ತದೆ.) ಪ್ರತಿವಾರ ಇದನ್ನು ಓದುವವರಿಗೆ ನನ್ನ ಸ್ವಭಾವ ಗೊತ್ತು. ಧಾರವಾಡದಿಂದ ಹುಬ್ಬಳ್ಳಿಯ ಬಸ್ಸು ಹೊರಟ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ರಾಯಾಪುರ ದಾಟುವತನಕ ಒದ್ದಾಡುವ ಮನುಷ್ಯ ನಾನು.

ಮಿಷನ್ನು ನನ್ನ ಹೆಂಡತಿ ಸುಜಾತಾಳದು. ಆಕೆ ಪ್ರೈವೇಟ್ ಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಳು. ಶಾಲೆಯವರು ಒಂದು ವರ್ಷ ಡ್ರಾಯಿಂಗ್ ಪೀರಿಯಡ್ಡನ್ನೇ ತೆಗೆದುಹಾಕಿದರು. ಸುಮ್ಮನೆ ಕೂಡ್ರುವ ಪೈಕಿ ಅಲ್ಲ ಆಕೆ. ಲಕಮನಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸ್ಟಿಕರ್ ಕತ್ತರಿಸುವ ಮಿಷನ್ ತಂದಿಟ್ಟಳು. ಬೈಕಿನ ಮೇಲಿನ ಹೆಸರು, ಅಂಗಡಿಯ ಗಾಜಿನ ಮೇಲಿನ ಅಕ್ಷರ, ಇಂಥವು.

ಕೆಲಸ ನೋಡಲು ಸರಳ. ಕಂಪ್ಯೂಟರಿನಲ್ಲಿ ಅಕ್ಷರ ಬರೆದುಕೊಟ್ಟರೆ, ಸೂಜಿಮೊನೆಯಂಥ ಬ್ಲೇಡೊಂದು ಹಾಳೆಯ ಮೇಲೆ ಓಡಾಡಿ ಅದೇ ಅಕ್ಷರವನ್ನು ಕತ್ತರಿಸುತ್ತದೆ. ಸುತ್ತಲಿನ ಬೇಡದ ಭಾಗವನ್ನು ನಾವು ಸುಲಿದು ತೆಗೆಯಬೇಕು. ಅಕ್ಷರ ಉಳಿಯುತ್ತದೆ.

ಉಳಿಯಬೇಕು. ಈಚೆಗೆ ಉಳಿಯುತ್ತಿರಲಿಲ್ಲ. ಅಂಚು ಇಲಿ ಕಡಿದ ಹಾಗೆ. ಸುಲಿಯಲು ಹೋದರೆ ಬೇಡದ್ದರ ಜೊತೆ ಬೇಕಾದ ಅಕ್ಷರವೂ ಎದ್ದು ಬರುವುದು. ಇಂಗ್ಲಿಷಿನ ಎಲ್, ಟಿ, ಎಚ್ ಹೇಗೋ ನಡೆಯುತ್ತಿದ್ದವು. ಕನ್ನಡದಲ್ಲಿ ನೆಟ್ಟಗಿನ ಗೆರೆ ಎಲ್ಲಿದೆ ಹೇಳಿ? ಎಲ್ಲ ಹೊರಳು, ಎಲ್ಲ ಬಳುಕು. ಬ್ಲೇಡು ಹೊರಳಬೇಕಾದ ಕಡೆಯೇ ಹಾಳೆ ಹರಿಯುತ್ತಿತ್ತು.

ಬೇರೆ ಯಾವುದೋ ವಾರವಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಆ ವಾರ ಆಕೆ ಕತ್ತರಿಸಬೇಕಾಗಿದ್ದದ್ದು ತನ್ನ ತಾಯಿಯ ಹೆಸರು.

ಈಗ ಇಲ್ಲದ ನನ್ನ ಅತ್ತೆ ಯಲ್ಲವ್ವನಿಗೆ ಓದು ಬರುತ್ತಿರಲಿಲ್ಲ. ಅವರ ಓಣಿಯಲ್ಲಿ ಮೊದಲು ಕರೆಂಟು ಬಂದದ್ದು ಅವರ ಮನೆಗೆ. ಹಾಗಾಗಿ ಸಂಜೆಯಾದರೆ ಓಣಿಯ ಹುಡುಗರೆಲ್ಲ ಪುಸ್ತಕ ಹಿಡಿದು ಅವರ ಪಡಸಾಲೆಯಲ್ಲಿ ಕೂಡ್ರುತ್ತಿದ್ದರಂತೆ. ಹುಡುಗರು ಓದುತ್ತಿದ್ದಾರೋ ಆಟಕ್ಕೆ ಬಿದ್ದಿದ್ದಾರೋ ಅಕ್ಷರ ಬಾರದ ಆಕೆಗೆ ತಿಳಿಯಬೇಕಲ್ಲ? ಅದಕ್ಕೆ ಒಂದೇ ಕಾಯಿದೆ: ಎಲ್ಲರೂ ಗಟ್ಟಿಯಾಗಿ ಓದಬೇಕು. ದನಿ ನಿಂತರೆ ಒಳಗಿನಿಂದ ಬೈಗುಳ ಬರುತ್ತಿತ್ತು. ಆ ಹುಡುಗರಲ್ಲಿ ಈಗ ಮಾಸ್ತರರಿದ್ದಾರೆ, ತಹಶೀಲ್ದಾರ್ ಕಚೇರಿಯಲ್ಲಿ ಇರುವವರಿದ್ದಾರೆ. ಎಲ್ಲ ಸೇರಿ ಓಣಿಯ ಬುದ್ಧ ವಿಹಾರದ ಪಕ್ಕ ಮಕ್ಕಳಿಗೊಂದು ಓದುವ ಕೋಣೆ ಕಟ್ಟಿಸಿದರು. ಗಾಜಿನ ಬಾಗಿಲು. ಅದರ ಮೇಲೆ ನೀಲಿ ಅಕ್ಷರದಲ್ಲಿ "ಯಲ್ಲವ್ವ ಅಧ್ಯಯನ ಕೊಠಡಿ". ಉದ್ಘಾಟನೆ ಭಾನುವಾರ ಬೆಳಿಗ್ಗೆ.

ಅಕ್ಷರ ನಾನೇ ಮಾಡುತ್ತೇನೆ ಎಂದಿದ್ದಳು ಸುಜಾತಾ. ಆಕೆಯ ಅಣ್ಣ ಮಿಲಿಂದ ಹೆಡ್‌ಮಾಸ್ತರರು, ಈ ಕೋಣೆಯ ಓಡಾಟವೆಲ್ಲ ಅವರದೇ. ಮಿಷನ್ನಿನ ಸುದ್ದಿ ಅವರಿಗೂ ಮುಟ್ಟಿತ್ತು. ಹುಬ್ಬಳ್ಳಿಯಲ್ಲಿ ದೊಡ್ಡ ಅಂಗಡಿಗಳಿವೆ, ತಾಸಿನೊಳಗೆ ಮಾಡಿಕೊಡುತ್ತಾರೆ, ಯಾಕೆ ತ್ರಾಸ ತಗೊಳ್ತಿ ಎಂದು ಫೋನ್ ಮಾಡಿದರು. ಆಕೆ ಒಪ್ಪಲಿಲ್ಲ.

ನಾನು ರಿಪೇರಿಗೆ ನಿಂತೆ. ಟೇಬಲ್ಲಿನ ಕಾಲಿಗೆ ರಟ್ಟು ಕೊಟ್ಟೆ. ಪ್ಲಗ್ಗನ್ನು ಅಡುಗೆಮನೆಯ ಸಾಕೆಟ್ಟಿಗೆ ಬದಲಿಸಿದೆ. (ಮಿಕ್ಸರ್ ಬಂದ್, ಚಟ್ನಿಯೂ ಬಂದ್.) ಒತ್ತಡ ಏರಿಸಿದೆ, ಬ್ಲೇಡು ಹಾಳೆಯ ಅಡಿಯ ಕಾಗದವನ್ನೂ ಸೀಳಿತು. ಇಳಿಸಿದೆ, ಅಕ್ಷರದ ಮೇಲೆ ಬರೀ ಗೀರು ಬಿತ್ತು. ಮಿಷನ್ ಮಾರಿದವನಿಗೆ ಫೋನ್ ಮಾಡಿದರೆ, ಬ್ಲೇಡು ಹೋಗೇತ್ರಿ ಸರ, ಹೊಸದು ಹಾಕ್ರಿ ಅಂದ. ಮಧ್ಯಾಹ್ನ ಹೊಸ ಬ್ಲೇಡು ಹಾಕಿದೆವು. ಏನಾಶ್ಚರ್ಯ, ಅಕ್ಷರ ಬೆಣ್ಣೆಯ ಹಾಗೆ ಬಂತು. ನಾನು ಜಗತ್ತು ಗೆದ್ದವನಂತೆ ಚಹಾ ಕುಡಿದೆ. ಮರುದಿನ ಬೆಳಿಗ್ಗೆ ಮತ್ತೆ ಇಲಿ ಕಡಿದ ಅಂಚು. ಮಧ್ಯಾಹ್ನ ಮತ್ತೆ ಸರಿ. ಹೀಗೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅನ್ನುವ ಸ್ವಭಾವ ನಮ್ಮ ಕಚೇರಿಗಳದು ಎಂದುಕೊಂಡಿದ್ದೆ, ಮಿಷನ್ನಿಗೂ ಬಂತೇ?

ಬೇಕಾದ ನೀಲಿ ಹಾಳೆ ಕಡೆಗೂ ಸಿಕ್ಕದ್ದು ಶುಕ್ರವಾರ ಸಂಜೆ, ಹುಬ್ಬಳ್ಳಿಯಲ್ಲಿ. ಕಾಲೇಜು ಮುಗಿಸಿ ಬರುವಾಗ ತಂದೆ. ಅಂಗಡಿಯಲ್ಲಿ ಉಳಿದದ್ದೇ ಅಷ್ಟು, ಎರಡು ಸಲ ಪ್ರಯತ್ನಿಸುವಷ್ಟು. ಮಧ್ಯಾಹ್ನದತನಕ ಕಾಯಲು ಮನಸ್ಸು ತಡೆಯದೆ, ಶನಿವಾರ ಎದ್ದವಳೇ ಸುಜಾತಾ ಹಾಳೆಯ ಮೊದಲರ್ಧವನ್ನು ಮಿಷನ್ನಿಗೆ ಹಚ್ಚಿದಳು. ಆ ಹೆಸರನ್ನೊಮ್ಮೆ ಬರೆದು ನೋಡಿ. ಲಕಾರಕ್ಕೊಂದು ಒತ್ತು, ವಕಾರಕ್ಕೊಂದು ಒತ್ತು. ಆಕೆ ಚಿಮಟದಿಂದ ಮೆಲ್ಲಗೆ ಸುಲಿಯುತ್ತಿದ್ದರೆ ಎರಡೂ ಒತ್ತು ಒಂದರ ಹಿಂದೊಂದು ಎದ್ದು ಬಂದವು.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಬಹುಶಃ ಸ್ಪೀಡು ಇರಬೇಕು ಅಂದೆ.

ಆಕೆ ಬೆರಳಿಗೆ ಅಂಟಿದ ನೀಲಿ ಚೂರುಗಳನ್ನು ಬಿಡಿಸಿ ಟೇಬಲ್ಲಿನ ಅಂಚಿಗೆ ಒರೆಸಿದಳು.

"ಅಣ್ಣಗ ಫೋನ್ ಹಚ್ರಿ. ಹುಬ್ಬಳ್ಳ್ಯಾಗ ಮಾಡಸಂತ ಹೇಳ್ರಿ. ನಮ್ಮವ್ವನ ಹೆಸರು ನನ್ನ ಕೈಲೆ ಆಗಂಗಿಲ್ಲ."

ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟಿದ್ದರೆ ನನಗೆ ಸುಲಭವಿತ್ತು. ವಾರವಿಡೀ ನಾನು ಮಿಷನ್ನಿನಲ್ಲಿ, ಕರೆಂಟಿನಲ್ಲಿ, ಮಾರಿದವನಲ್ಲಿ ತಪ್ಪು ಹುಡುಕುತ್ತಿದ್ದಾಗ ಆಕೆ ಸುಮ್ಮನೆ ತನ್ನ ಕೈಯಲ್ಲಿ ಹುಡುಕುತ್ತಿದ್ದಳು. ಮನೆಯಲ್ಲಿ ಏನಾದರೂ ಕೆಟ್ಟರೆ ಗಂಡಸರಿಗೆ ಕಾರಣ ಬೇಕು. ಹೆಂಗಸರು ಯಾಕೆ ಮೊದಲು ತಮ್ಮನ್ನೇ ನೋಡಿಕೊಳ್ಳುತ್ತಾರೆ? ಪೀರಿಯಡ್ಡು ತೆಗೆದ ಶಾಲೆ, ಬೇಡ ಬಿಡು ಅನ್ನುವ ಅಣ್ಣ, ದಿನಕ್ಕೆ ಹತ್ತು ಸಂಶಯ ಹುಟ್ಟಿಸುವ ಗಂಡ. ಇಷ್ಟು ಜನ ಸೇರಿದರೆ ಯಾರಿಗಾದರೂ ತಮ್ಮ ಕೈಯ ಮೇಲೆ ನಂಬಿಕೆ ಉಳಿದೀತೆ?

ನಾನು ಫೋನ್ ಹಿಡಿದುಕೊಂಡು ನಿಂತೆ, ಹಚ್ಚಲಿಲ್ಲ. ಆಕೆ ಮಿಷನ್ನನ್ನು ಡಬ್ಬಿಗೆ ತುಂಬಿಡುವ ತಯಾರಿಯಲ್ಲಿದ್ದಳು. ಬ್ಲೇಡು ಮೊದಲು ತೆಗೆದಿಡಬೇಕು ಎಂದು ಅದನ್ನು ಹಿಡಿದಿರುವ ಪುಟ್ಟ ಕೊಳವೆಯನ್ನು ತಿರುಗಿಸಿ ಬಿಚ್ಚಿದಳು. ಅದರೊಳಗೆ ಬ್ಲೇಡು ಬುಗುರಿಯ ಹಾಗೆ ಸರಾಗ ತಿರುಗಬೇಕು. ತಿರುಗಲಿಲ್ಲ. ಎಳೆದರೆ ಮೊನೆಗೆ ಬೆಳ್ಳಗೆ ಮೇಣದಂಥದ್ದೇನೋ ಮೆತ್ತಿಕೊಂಡು ಬಂತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮೂಗಿನ ಹತ್ತಿರ ಒಯ್ದಳು. ಆಮೇಲೆ ನನ್ನ ತಲೆಯನ್ನು ನೋಡಿದಳು.

"ಏನ್ರಿ, ಇದಕ್ಕ ಕೊಬ್ಬರಿ ಎಣ್ಣಿ ಬಿಟ್ಟೀರೇನು?"

ಬಿಟ್ಟಿದ್ದೆ. ಒಂದೇ ಹನಿ. ಕೆಲವು ದಿನಗಳ ಹಿಂದೆ ಮಿಷನ್ನು ಕಿರ್ ಕಿರ್ ಅನ್ನುತ್ತಿತ್ತು. ಬ್ಲೇಡು ಸವೆದೀತು, ಆಕೆಗೆ ತೊಂದರೆಯಾದೀತು ಎಂಬ ಚಿಂತೆಗೆ ತಲೆಗೆ ಹಚ್ಚಿಕೊಳ್ಳುವ ಬಾಟಲಿಯಿಂದಲೇ ಬಿಟ್ಟಿದ್ದೆ, ಮರೆತೂ ಬಿಟ್ಟಿದ್ದೆ. ಧಾರವಾಡದ ಡಿಸೆಂಬರಿನಲ್ಲಿ ಆ ಬಾಟಲಿಯನ್ನು ದಿನಾ ಬೆಳಿಗ್ಗೆ ಕಂಪೌಂಡಿನ ಬಿಸಿಲಿಗೆ ಇಡುವವನೂ ನಾನೇ. ಬೆಳಿಗ್ಗೆ ಥಂಡಿಗೆ ಎಣ್ಣೆ ಗಟ್ಟಿಯಾಗಿ ಬ್ಲೇಡನ್ನು ಹಿಡಿದುಕೊಳ್ಳುತ್ತಿತ್ತು, ಮಧ್ಯಾಹ್ನದ ಶೆಕೆಗೆ ಕರಗಿ ಬಿಟ್ಟುಕೊಡುತ್ತಿತ್ತು. (ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಇಲ್ಲಿಯತನಕ ಅದನ್ನು ಹೇಳದೆ ಇದ್ದದ್ದಕ್ಕೆ ಕಾರಣವಿದೆ.)

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಬಲಗೈಯನ್ನು ಮುಂದೆ ಚಾಚಿ, ಒಮ್ಮೆ ಹೊರಳಿಸಿ ನೋಡಿಕೊಂಡಳು.

"ಅಂದ್ರ ನನ್ನ ಕೈ ಛಲೋನ ಐತಿ."

ನಾನು ಕೈಯಲ್ಲಿದ್ದ ಫೋನನ್ನು ಕಿಸೆಗೆ ಹಾಕಿದೆ.

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಆಕೆಯೇ ಎಲ್ಲವನ್ನೂ ಒರೆಸಿದಳು. ಸಹಾಯಕ್ಕೆ ಹೋದೆ, ಅಲ್ಲೇ ನಿಲ್ಲುವಂತೆ ಕಣ್ಣಿನಲ್ಲೇ ಹೇಳಿದಳು. ಉಳಿದರ್ಧ ಹಾಳೆ ಹಚ್ಚಿದಳು. ಬೆಳಗಿನ ಥಂಡಿ ಇನ್ನೂ ಇತ್ತು. ಬ್ಲೇಡು ಲಕಾರದ ಹೊಟ್ಟೆ ಸುತ್ತಿ, ಒತ್ತಿನ ಕೊಕ್ಕೆಗೆ ಇಳಿದು, ಶುರುಮಾಡಿದ ಜಾಗಕ್ಕೇ ಬಂದು ನಿಂತಿತು. ಆಕೆ ಚಿಮಟ ಹಿಡಿದು ಮೆಲ್ಲಗೆ ಸುಲಿದಳು. ಯಲ್ಲವ್ವ ಉಳಿದಳು, ಇಡಿಯಾಗಿ.

ಭಾನುವಾರ ಗಾಜಿನ ಮೇಲೆ ಅಕ್ಷರ ಕೂಡಿಸಿದವಳೂ ಸುಜಾತಾಳೇ. ಒಂದು ಗುಳ್ಳೆ ಏಳಲಿಲ್ಲ. ಯಲ್ಲವ್ವನ ಪಡಸಾಲೆಯಲ್ಲಿ ಓದಿದ್ದ ನಿವೃತ್ತ ಮಾಸ್ತರರೊಬ್ಬರು ಬಾಗಿಲ ಮುಂದೆ ನಿಂತು ಹೆಸರನ್ನು ಗಟ್ಟಿಯಾಗಿ ಓದಿದರು. 

ಮಿಲಿಂದ ತಂಗಿಯ ಹತ್ತಿರ ಬಂದು, ಕಡೀಗೆ ಮಿಷನ್ನಿಗೆ ಆಗಿದ್ದರ ಏನವಾ ಎಂದು ಕೇಳಿದರು. ನಾನು ಚಪ್ಪಲಿ ಹುಡುಕುವ ನೆವದಲ್ಲಿ ಬಗ್ಗಿದೆ.

"ಏನಿಲ್ಲಣ್ಣ," ಅಂದಳು ಸುಜಾತಾ. "ಇವರು ಸ್ವಲ್ಪ ಕಾಳಜಿ ಮಾಡಿದ್ರು."