ಬಾಣಂತಿಯ ಕೋಣೆಗೆ ಬಂದ ಆಕ್ಟೋಪಸ್

"ತಾಯಿ" ಎಂಬ ಮಾತು ಬಂದಾಗಲೆಲ್ಲ ನಮ್ಮ ಪ್ರಾಣಿಶಾಸ್ತ್ರದ ಸರ್ ಹಿಮ್ಮಡಿ ಎತ್ತಿ ನಿಲ್ಲುತ್ತಿದ್ದರು, ಅರ್ಧ ಮಾತು ಮೂಗಿನಿಂದಲೇ ಬರುತ್ತಿತ್ತು. ಗಂಗಾವತಿಯ ಕಾಲೇಜಿನಲ್ಲಿ ನಾನು ಮನಸ್ಸಿಟ್ಟು ಕಲಿತದ್ದು ಇಂಥ ಹಿಮ್ಮಡಿ, ಮೂಗುಗಳನ್ನು ಅಣಕಿಸುವುದನ್ನೇ. ಅದಕ್ಕೆ ಅಂಕ ಇರಲಿಲ್ಲ ಎಂಬುದು ಫಲಿತಾಂಶ ಬಂದಾಗ ಮನೆಯವರಿಗೆಲ್ಲ ತಿಳಿಯುತ್ತಿತ್ತು.

ಎಂಬತ್ತರ ದಶಕದ ಒಂದು ಬೇಸಿಗೆ, ಅಕ್ಕ ಚೊಚ್ಚಲ ಹೆರಿಗೆಗೆಂದು ಹಿಟ್ನಾಳದ ನಮ್ಮ ಮನೆಗೆ ಬಂದಿದ್ದಳು. ಹೆರಿಗೆಯಾಗಿ ಕೆಲವೇ ದಿನ, ಕೂಸನ್ನು ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ. ಬಾಣಂತನ ಮಾಡಲು ಇರಕಲ್ಲಗಡದಿಂದ ದೊಡ್ಡವ್ವ ಬಂದಿದ್ದಳು, ಅವ್ವನ ಅಕ್ಕ. ಅವಳೆದುರು ಅವ್ವ ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ದೊಡ್ಡವ್ವನ ಕಾಯಿದೆ ಒಂದೇ: ಹಸಿ ಬಾಣಂತಿಗೆ ನೀರು ಕೊಡಬಾರದು. ಕೊಟ್ಟರೆ ಹೊಟ್ಟೆ ಬರುತ್ತದೆ, ಕೂಸಿಗೆ ಶೀತವಾಗುತ್ತದೆ. ಊಟದ ಜೊತೆ ಕುದಿಸಿ ಆರಿಸಿದ್ದು ಅರ್ಧ ಲೋಟ, ಅಷ್ಟೇ. ಕಿಟಕಿ ಮುಚ್ಚಿದ ಕೋಣೆ, ಹೊರಸಿನ ಕೆಳಗೆ ಕೆಂಡ, ಹೊರಗೆ ನಮ್ಮ ಕಡೆಯ ಬಿಸಿಲು. ಅಕ್ಕನ ತುಟಿಗಳು ಒಡೆದಿದ್ದವು. ಹಾಲು ಸಾಲದೆ ಕೂಸು ಒಂದೇ ಸಮನೆ ಅಳುತ್ತಿತ್ತು.

ಶನಿವಾರ ಊರಿಗೆ ಹೋದವನು ಅವಳನ್ನು ನಗಿಸೋಣವೆಂದು ಕೋಣೆಯ ಹೊಸ್ತಿಲಾಚೆ ನಿಂತು ಸರ್ ಆದೆ. ಹಿಮ್ಮಡಿ ಎತ್ತಿದೆ.

"ಬಿಸಿಲೇ ಇಳಿಯದ ಕಡಲಿನ ಆಳ. ಬಂಡೆಯ ಸಂದಿಯಲ್ಲಿ ಒಬ್ಬ ತಾಯಿ, ಆಕ್ಟೋಪಸ್. ಎಂಟು ತೋಳಿನಿಂದ ಮೊಟ್ಟೆ ಅವಚಿಕೊಂಡು ಕೂತಿದ್ದಾಳೆ. ಸವರುತ್ತಾಳೆ, ಮೇಲೆ ನೀರು ಊದುತ್ತಾಳೆ. ತಾನು ಉಣ್ಣುವುದಿಲ್ಲ. ಮರಿಗಳು ಹೊರಬಂದವೋ, ಇವಳು ಸಾಯುತ್ತಾಳೆ. ತಾಯಿ ಎಂದರೆ ಅದು." ಕೊನೆಗೆ ಮೂಗನ್ನೂ ಒರೆಸಿಕೊಂಡೆ. ಸರ್ ಒರೆಸಿಕೊಂಡಿದ್ದರು.

ಅಕ್ಕ ನಗಲಿಲ್ಲ. ದೊಡ್ಡವ್ವ ಮಾತ್ರ ಬಂದು ಕೈ ಮುಗಿದಳು.

"ಕೇಳಿದೇನವಾ? ಮೀನದಂಥಾದ್ದು, ಅದಕ್ಕೂ ಬುದ್ಧಿ ಐತಿ. ಕತ್ತಲದಾಗ ಕುಂತೈತಿ, ಉಂಡಿಲ್ಲ, ತಿಂದಿಲ್ಲ. ನೀ ಒಂದು ತಂಬಿಗಿ ನೀರಿಗೆ ಜೀವ ಬಿಡಾಕ್ಹತ್ತಿ."

"ಅದು ನೀರಾಗ ಕುಂತೈತಿ, ದೊಡ್ಡವ್ವ," ಎಂದಳು ಅಕ್ಕ.

ನಾನು ಸರ್ ಅನ್ನು ಬಿಟ್ಟು ನನ್ನ ದನಿಗೆ ಬಂದೆ. ಅದು ನನಗೇ ಅಪರೂಪ.

"ಖರೇ ಐತಿ. ಮ್ಯಾಲ ನೀರು, ಕೆಳಗ ನೀರು. ಅದಕ್ಕ ಯಾರೂ ಅರ್ಧ ಲೋಟ ಅಳದು ಕೊಟ್ಟಿಲ್ಲ. ಮತ್ತ ಅದೇ ಆಳದಾಗ ಜ್ಯಾಡದಂಥದ್ದೊಂದು ಐತಂತ, ಗಂಡೇ ಮೊಟ್ಟಿ ಕಾಲಿಗೆ ಕಟ್ಕೊಂಡು ಅಡ್ಡಾಡತೈತಂತ. ಅದನ್ನ ಹೇಳೂಮುಂದ ಸರ್ ಹಿಮ್ಮಡಿ ಎತ್ತಲಿಲ್ಲ."

"ಗಂಡಸರಿಗೆ ಏನು ತಿಳೀತೈತಿ ಬಾಣಂತನ? ನಡಿ ಆಚಿ, ಮಂಗ್ಯಾ."

"ಮಂಗ್ಯಾ ಆದ್ರೂ ನೀರು ಕುಡದೇ ಬೆಳದೀನಿ."

ಅಷ್ಟರಲ್ಲಿ ಅಕ್ಕ ಹೊರಸಿನಿಂದ ಇಳಿದಿದ್ದಳು. ಗೋಡೆ ಹಿಡಿದು ಬಾಗಿಲವರೆಗೆ ಬಂದಳು. "ಸತ್ತು ಛಲೋ ತಾಯಿ ಅನಿಸ್ಕೊಳ್ಳೂದು ನನಗ ಬ್ಯಾಡ. ಬದುಕಿ ಕೆಟ್ಟಾಕಿ ಅನಿಸ್ಕೊಂತೀನಿ. ಕೂಸಿಗೆ ಹಾಲು ಬೇಕು."

ದೊಡ್ಡವ್ವ ಎರಡೂ ಕೈ ಚಾಚಿ ಬಾಗಿಲ ಚೌಕಟ್ಟು ಹಿಡಿದಳು. "ನನ್ನ ದಾಟಿ ಹೋಗು, ನೋಡೂಣು."

ಅಡುಗೆಮನೆಯಿಂದ ಅವ್ವ ಬಂದಳು, ಕೈಯಲ್ಲಿ ತಂಬಿಗೆ. ಗಿಡ್ಡ ಹೆಂಗಸು, ದೊಡ್ಡವ್ವನ ತೋಳಿನ ಕೆಳಗೆ ಸ್ವಲ್ಪ ಬಗ್ಗಿದ್ದರೂ ಒಳಗೆ ಹೋಗಬಹುದಿತ್ತು. ಬಗ್ಗಲಿಲ್ಲ.

"ಕೈ ತಗಿ, ಯಕ್ಕಾ," ಎಂದಳು. "ನನ್ನ ಬಾಣಂತನಾನೂ ನೀನೇ ಮಾಡಿದಿ. ಈ ಹುಡುಗನ್ನ ಹಡದಾಗ ಮಾರಿ ತೊಳಕೊಳ್ಳಾಕ ಇಟ್ಟ ನೀರು ಕುಡದೀನಿ, ನೀ ಆಕಡಿ ತಿರುಗಿದಾಗ. ನನ್ನ ಮಗಳು ಕದ್ದು ಕುಡಿಯೂದು ಬ್ಯಾಡ."

ದೊಡ್ಡವ್ವ ತಂಗಿಯ ಮೋರೆ ನೋಡಿದಳು. ಒಂದು ಕೈ ಇಳಿಯಿತು, ಆಮೇಲೆ ಇನ್ನೊಂದು.

"ಹೊಟ್ಟಿ ಬಂದ್ರ ನನ್ನ ಕೇಳಬ್ಯಾಡ್ರಿ."

"ಕೇಳೂದಿಲ್ಲ," ಎಂದಳು ಅವ್ವ.

ಅಕ್ಕ ಕೋಣೆಯಲ್ಲಿ ಕುಡಿಯಲಿಲ್ಲ. ಪಡಸಾಲೆಗೆ ಬಂದು, ಬೀದಿಯವರಿಗೂ ಕಾಣುವಂತೆ ನಿಂತು, ತಲೆ ಎತ್ತಿ ಕುಡಿದಳು. ನೀರು ಕೊರಳಿಗಿಳಿದು ಕುಪ್ಪಸ ತೊಯ್ದಿತು. ಬರಿದಾದ ತಂಬಿಗೆಯನ್ನು ದೊಡ್ಡವ್ವನ ಕೈಗೇ ಕೊಟ್ಟಳು.

"ಇನ್ನೊಂದು ತುಂಬಿಸ್ಕೊಂಡು ಬಾ, ದೊಡ್ಡವ್ವ."