ಬಾಯಿ ಮುಚ್ಚಿಕೊಂಡು ಗೆದ್ದ ಕಪ್

ಸಾನಪಾಡಾದ ನಮ್ಮಪ್ಪನ ಹೋಟೆಲಿನಲ್ಲಿ ಆರ್ಡರ್ ಬರೆದುಕೊಳ್ಳುವ ಪದ್ಧತಿ ಇರಲಿಲ್ಲ, ಕೂಗುವ ಪದ್ಧತಿ ಇತ್ತು. ಸಪ್ಲಾಯರ್ ಅಡುಗೆಮನೆಯ ಕಿಟಕಿಗೆ ಬಂದು ಒಂದೇ ಉಸಿರಿನಲ್ಲಿ ಮಸಾಲೆ, ಇಡ್ಲಿ, ವಡೆ ಎಲ್ಲವನ್ನೂ ಒದರುತ್ತಿದ್ದ. ಒಳಗಿನಿಂದ ಭಟ್ಟರು "ಹಾಂ" ಎಂದರೆ ಮುಗಿಯಿತು, ಆರ್ಡರ್ ಅವರ ತಲೆಗೆ ಹೋಯಿತೆಂದೇ ಲೆಕ್ಕ. "ಹಾಂ" ಬಾರದಿದ್ದರೆ ಇನ್ನೊಮ್ಮೆ ಕೂಗಬೇಕು. ಶಾಲೆಗೆ ರಜೆ ಇದ್ದಾಗಲೆಲ್ಲ ನಾನು ಅಪ್ಪನ ಪಕ್ಕ ಹಣದ ಗಲ್ಲೆಯ ಬಳಿ ಕೂತು, ಸಪ್ಲಾಯರ್‌ಗಿಂತ ಮೊದಲು ನಾನೇ ಕೂಗಿಬಿಡುತ್ತಿದ್ದೆ. ಗಿರಾಕಿಗಳು ನಗುತ್ತಿದ್ದರು. ಅಮ್ಮನಿಗೆ ಮಾತ್ರ ತಲೆಬಿಸಿ. "ಹೆಣ್ಣು ಮಕ್ಕಳಿಗೆ ಇಷ್ಟು ಗಂಟಲು ಎಂತಕ್ಕೆ ಮಾರಾಯ್ತಿ?" ಎನ್ನುತ್ತಿದ್ದಳು. ಎಂತಕ್ಕೆ ಎಂದು ಆಗ ನನಗೂ ಗೊತ್ತಿರಲಿಲ್ಲ.

ನಮ್ಮ ಮನೆ ಡೊಂಬಿವಲಿಯಲ್ಲಿ. ನಾಲ್ಕನೇ ತರಗತಿಯ ತನಕ ನಾನು ಕನ್ನಡ ಶಾಲೆಯಲ್ಲಿ ಕಲಿತವಳು. ಹಾಗಾಗಿ ಬರೆಯುವುದು ಕನ್ನಡದಲ್ಲಿ, ಬೈಯುವುದು ತುಳುವಿನಲ್ಲಿ, ಆಡುವುದು ಹಿಂದಿಯಲ್ಲಿ. ಆಡುವುದು ಎಂದರೆ ಮೊಬೈಲ್ ಆಟ. ಲಾಕ್‌ಡೌನಿನಲ್ಲಿ ಹೋಟೆಲಿಗೆ ಬೀಗ ಬಿದ್ದು ಎಲ್ಲರೂ ಮನೆಯಲ್ಲಿ ಮುಖ ಮುಖ ನೋಡಿಕೊಂಡು ಕೂತಿದ್ದಾಗ ಹಿಡಿದ ಹುಚ್ಚು ಅದು. ನಾಲ್ಕು ನಾಲ್ಕು ಜನರ ತಂಡಗಳು ಒಂದು ದ್ವೀಪದಲ್ಲಿ ಇಳಿಯುತ್ತವೆ, ಬಂದೂಕು ಹುಡುಕಿಕೊಳ್ಳುತ್ತವೆ, ಹೊಡೆದಾಡುತ್ತವೆ. ನಿಲ್ಲುವ ಜಾಗ ಕಿರಿದಾಗುತ್ತಾ ಬರುತ್ತದೆ. ಕೊನೆಗೆ ಉಳಿದ ತಂಡ ಗೆದ್ದಂತೆ. ನೋಡುವವರಿಗೆ ಇದು ಬೆರಳಿನ ಆಟ. ಆದರೆ ಬೆರಳು ಓಡುವವರು ಕಲ್ಯಾಣ್‌ನಿಂದ ಪನವೇಲ್ ತನಕ ಗಲ್ಲಿಗೊಬ್ಬರು ಸಿಗುತ್ತಾರೆ. ಸಿಗದವನು ಕಾಲರ್. ಯಾವ ಮನೆಗೆ ನುಗ್ಗಬೇಕು, ಯಾವಾಗ ಓಡಬೇಕು, ಯಾವಾಗ ಹುಲ್ಲಿನಲ್ಲಿ ಉಸಿರು ಬಿಗಿಹಿಡಿದು ಮಲಗಬೇಕು ಎಂದು ಕ್ಷಣದಲ್ಲಿ ಹೇಳಿ, ಉಳಿದ ಮೂವರು ಮರುಮಾತಿಲ್ಲದೆ ಕೇಳುವಂತೆ ಮಾಡುವವನು. ಸಿಗದವಳು ಎಂದೇ ಬರೆಯಬೇಕಿತ್ತು. ಅದು ನಾನು.

ನನ್ನ ಜೊತೆಗಿದ್ದವರು ಮೂವರು ಹುಡುಗರು. ಒಬ್ಬ ಕಾಮೋಠೆಯವನು, ಇನ್ನಿಬ್ಬರು ಅಂಬರನಾಥದ ಅಣ್ಣತಮ್ಮಂದಿರು. ಅವರಿಗೆ ನಾನು ಹೋಟೆಲಿನ ನಿಯಮವನ್ನೇ ಕಲಿಸಿದೆ. ನಾನು ಕೂಗಿದರೆ ಪ್ರತಿಯೊಬ್ಬರೂ "ಹಾಂ" ಅನ್ನಬೇಕು. ಅನ್ನದವನ ಜನ್ಮ ಜಾಲಾಡಿಬಿಡುತ್ತಿದ್ದೆ. ಹಾಗೆಯೇ ಒಂದೊಂದೇ ಪಂದ್ಯ ಗೆದ್ದು ಮೇಲೆ ಬಂದೆವು. ಇಂಥ ಆಟದ ತಂಡಗಳನ್ನು ಸಾಕುವ ಒಂದು ಕಂಪನಿ ನಮ್ಮನ್ನು ತೆಗೆದುಕೊಂಡಿತು. ಕಾಮೋಠೆಯಲ್ಲಿ ಒಂದು ಫ್ಲ್ಯಾಟ್, ಸಂಬಳ, ಬೆನ್ನ ಮೇಲೆ ಹೆಸರು ಬರೆದ ಜರ್ಸಿ, ಜೊತೆಗೆ ಒಬ್ಬ ಕೋಚ್. ಹುಡುಗರು ಫ್ಲ್ಯಾಟಿನಲ್ಲೇ ಉಳಿದರು. ನಾನು ದಿನಾ ಡೊಂಬಿವಲಿಯಿಂದ ಲೋಕಲ್ ಹಿಡಿದು, ಥಾಣೆಯಲ್ಲಿ ಗಾಡಿ ಬದಲಿಸಿ ಹೋಗಿ ಬರುತ್ತಿದ್ದೆ. ಯಾಕೆಂದರೆ ಅಮ್ಮ ಹೊಸಿಲಿಗೆ ಅಡ್ಡ ನಿಂತು, "ಮೂರು ಹುಡುಗರ ಫ್ಲ್ಯಾಟಲ್ಲಿ ಮಲಗುದಾದ್ರೆ ಈ ಮನೆಗೆ ವಾಪಸು ಬರುದು ಬೇಡ," ಎಂದಿದ್ದಳು. ಅಮ್ಮನ ಎದುರು ಮಾತ್ರ ನನ್ನ ಗಂಟಲು ನಡೆಯುತ್ತಿರಲಿಲ್ಲ.

ದೇಶದ ದೊಡ್ಡ ಟೂರ್ನಮೆಂಟಿನ ಲೀಗ್ ಹಂತದಲ್ಲಿ ನಾನು ಎಡವಿದೆ. ಗದ್ದೆ ದಾಟಿ ಎದುರಿನ ಮನೆಗೆ ನುಗ್ಗಿ ಎಂದು ಕೂಗಿದ್ದೆ. ಮೂವರೂ "ಹಾಂ" ಎಂದು ಓಡಿದರು. ಅರ್ಧ ದಾರಿಯಲ್ಲಿ ನೋಡುತ್ತೇನೆ, ಆ ಮನೆಯ ಹಿಂದೆ ಇನ್ನೊಂದು ತಂಡದ ಜೀಪ್ ನಿಂತಿದೆ. ನೋಡಿದೆ, ಗೊತ್ತಾಯಿತು, ಆದರೂ ಬಾಯಿ ತೆರೆಯಲಿಲ್ಲ. ಕೂಗಿದ್ದು ಕೂಗಿದ್ದೇ ಎಂಬುದು ನನ್ನ ರಕ್ತದಲ್ಲಿತ್ತು. ಗಲ್ಲೆಯ ಬಳಿ ಕೂತು ಬೆಳೆದ ನಾನು ಒಮ್ಮೆ ಹೋದ ಆರ್ಡರ್ ವಾಪಸು ಬಂದದ್ದನ್ನು ಕಂಡೇ ಇರಲಿಲ್ಲ. ನಾಲ್ವರೂ ಗದ್ದೆಯ ನಡುವೆಯೇ ಸತ್ತೆವು. ಫೈನಲಿಗೆ ಹೇಗೋ ತೆವಳಿಕೊಂಡು ಹೋದೆವು ಅನ್ನಿ. ಆದರೆ ಅಷ್ಟರಲ್ಲಿ ಕೋಚ್ ತೀರ್ಮಾನ ಮಾಡಿಯಾಗಿತ್ತು.

ಫ್ಲ್ಯಾಟಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು, ನಾಳೆಯಿಂದ ಕಾಮೋಠೆಯ ಹುಡುಗನೇ ಕಾಲ್ ಮಾಡುತ್ತಾನೆ ಎಂದ. ಹೆಣ್ಣು ದನಿ ಒತ್ತಡದಲ್ಲಿ ಕೀರಲಾಗುತ್ತದೆ, ಹುಡುಗರ ಗಮನ ತಪ್ಪುತ್ತದೆ ಎಂದೂ ಸೇರಿಸಿದ. ಅಷ್ಟು ದಿನ ಆ ಕೀರಲು ದನಿ ಕೇಳಿಕೊಂಡೇ ಗೆದ್ದ ಹುಡುಗರು ನೆಲ ನೋಡಿದರು.

"ಮತ್ತೆ ನಾನ್ಯಾಕೆ ಇಲ್ಲಿ?" ಎಂದು ಕೇಳಿದೆ.

"ತೂ ಟೀಮ್ ಮೇ ಹೀ ಹೈ ನಾ," ಎಂದ. "ಪೋಸ್ಟರ್ ಮೇ ತೇರಾ ಫೇಸ್ ಚಾಹಿಯೇ. ಬಸ್, ಮೈಕ್ ಪೇ ಚುಪ್."

ಪೋಸ್ಟರಿಗೆ ನನ್ನ ಮುಖ ಬೇಕು, ಮೈಕಿನಲ್ಲಿ ನನ್ನ ಬಾಯಿ ಬೇಡ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ನಾನು ಹೇಳುತ್ತಿಲ್ಲ. ನೆಲ ನೆಟ್ಟಗೇ ಇತ್ತು, ಎಡವಿದ್ದು ನಾನೇ. ಆದರೆ ಎಡವಿದವರ ಕಾಲನ್ನೇ ಯಾರಾದರೂ ಕತ್ತರಿಸುತ್ತಾರಾ?

ಅಲ್ಲಿಂದ ಸೀದಾ ಹೋಟೆಲಿಗೆ ಹೋದೆ. ಊಟದ ಗಲಾಟೆ ಮುಗಿದು, ಕೆಲಸದವರು ಮೈ ಚಾಚಿದ್ದ ಹೊತ್ತು. ಅಪ್ಪ ಗಲ್ಲೆಯ ಮೇಲೆ ಕೂತು ಸೋಂಪು ಜಗಿಯುತ್ತಿದ್ದರು. ಎಲ್ಲ ಹೇಳಿದೆ. ಅವರಿಗೆ ಬೇರೇನೂ ಅಷ್ಟಾಗಿ ತಲೆಗೆ ಹೋಗಲಿಲ್ಲ, ಗದ್ದೆಯ ವಿಷಯ ಮಾತ್ರ ಹೋಯಿತು.

"ಕೂಗಿದ್ದು ಕೂಗಿದ್ದೇ ಅಂತ ನಿಂಗೆ ಹೇಳಿದ್ದು ಯಾರು? ಗಿರಾಕಿ ಎದ್ದು ಹೋದ ಮೇಲೂ ದೋಸೆ ಹುಯ್ಯುದಾ? ಕ್ಯಾನ್ಸಲ್ ಅಂತ ಕೂಗ್ಬೇಕು. ಆರ್ಡರಿಗಿಂತ ಜೋರಾಗಿ ಕೂಗ್ಬೇಕು."

"ನೀವು ಕ್ಯಾನ್ಸಲ್ ಅಂದದ್ದು ನಾನು ಒಮ್ಮೆಯೂ ಕೇಳ್ಲಿಲ್ಲ."

"ನೀನು ಕೂತದ್ದು ಇಲ್ಲಿ, ಫ್ಯಾನಿನ ಅಡಿಗೆ. ಕ್ಯಾನ್ಸಲ್ ಕೂಗುದು ಅಡುಗೆಮನೆ ಒಳಗೆ ಹೋಗಿ, ಒಲೆ ಹತ್ರ ನಿಂತು. ಅಲ್ಲಿ ಭಟ್ರ ಬೈಗಳ ಸಮೇತ ಕೇಳ್ತದೆ."

ಎಂಥ ಪೆದ್ದಿ ನಾನು! ಅರ್ಧ ಪದ್ಧತಿ ಕಲಿತು ಪೂರ್ತಿ ಪಂಡಿತಳ ಹಾಗೆ ಮೆರೆದಿದ್ದೆ. ಮರುದಿನ ಕೋಚ್‌ಗೆ ಹೇಳಿದೆ, ತಪ್ಪು ಎಲ್ಲಿ ಆಯಿತೆಂದು ಗೊತ್ತಾಗಿದೆ, ಕಾಲರ್ ಕುರ್ಚಿ ವಾಪಸು ಕೊಡಿ ಎಂದು. ಫೈನಲ್ ಮುಗಿಯಲಿ, ನೋಡೋಣ ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಫೈನಲಿನಲ್ಲಿ ನಾನು ಒಂದು ಆರ್ಡರೂ ಕೂಗಲಿಲ್ಲ. ಕಾಮೋಠೆಯ ಹುಡುಗ ಕೂಗಿದ, ನಾನು "ಹಾಂ" ಅಂದೆ, ಹೇಳಿದ ಕಡೆ ಹೊಡೆದೆ. ಅವನು ಕೆಟ್ಟದಾಗಿ ಕೂಗಿದ್ದರೆ ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತೋ ಏನೋ. ಆದರೆ ಹುಡುಗ ಚೆನ್ನಾಗಿಯೇ ಕೂಗಿದ. ಗೆದ್ದೆವು. ವೇದಿಕೆಯ ಮೇಲೆ ಬಣ್ಣದ ಚೂರುಗಳು ತಲೆಯ ಮೇಲೆ ಬೀಳುವಾಗ ಮೂವರೂ ನನ್ನನ್ನು ಎತ್ತಿ ಕುಣಿದರು. ನನಗೆ ಅಳು ಬರಲಿಲ್ಲ, ನಗುವೂ ಬರಲಿಲ್ಲ. ಬೇರೆಯವರ ಮದುವೆಯಲ್ಲಿ ಮದುಮಗಳ ಪಕ್ಕ ಫೋಟೋಕ್ಕೆ ನಿಲ್ಲಿಸಿದ ಹಾಗಿತ್ತು.

ಕಂಪನಿಯವರು ಒಬ್ಬೊಬ್ಬರಿಗೂ ಕೊಟ್ಟ ಸಣ್ಣ ಕಪ್ಪನ್ನು ಅಪ್ಪ ಹೋಟೆಲಿಗೆ ತಂದು ಗಲ್ಲೆಯ ಹಿಂದೆ, ದೇವರ ಫೋಟೋದ ಪಕ್ಕದಲ್ಲೇ ಇಟ್ಟರು. ಬಿಲ್ಲು ಕೊಡಲು ಬಂದವರಿಗೆಲ್ಲ ಚಿಲ್ಲರೆಯ ಜೊತೆ ಅದರ ಕಥೆಯನ್ನೂ ಕೊಡುತ್ತಿದ್ದರು. ಒಂದು ವಾರ ಸಹಿಸಿದೆ.

"ಅಪ್ಪ, ಅದನ್ನು ತೆಗೀರಿ. ಅದು ನಾನು ಗೆದ್ದದ್ದಲ್ಲ."

"ನಿನ್ನ ಕೈಯಲ್ಲಿ ಫೋನ್ ಇರ್ಲಿಲ್ವಾ?"

"ಫೋನ್ ಇತ್ತು. ಬಾಯಿ ಇರ್ಲಿಲ್ಲ."

ಅಪ್ಪನಿಗೆ ಸಿಟ್ಟೇ ಬಂತು. "ಮಗಳು ಮೊಬೈಲ್ ಒತ್ತಿಕೊಂಡು ಕೂತಿದ್ದಾಳೆ ಅಂತ ನಮ್ಮವರ ಸಂಘದಲ್ಲಿ, ಮದುವೆ ಮನೆಯಲ್ಲಿ ಜನ ಬಾಯಿಗೆ ಬಂದ ಹಾಗೆ ಆಡಿದ್ರು. ನನ್ನಿಂದ ಒಬ್ಬನ ಬಾಯಿ ಮುಚ್ಚಿಸ್ಲಿಕ್ಕೆ ಆಗ್ಲಿಲ್ಲ. ಇದು ಮುಚ್ಚಿಸ್ತು. ನಾನು ತೆಗೆಯುದಿಲ್ಲ, ಏನು ಮಾಡ್ತಿ?"

ಏನು ಮಾಡಲಿ? ಆ ಕಪ್ಪಿಗೆ ಒಂದು ಒರಸುಬಟ್ಟೆಯನ್ನೇ ಬೇರೆ ಇಟ್ಟಿದ್ದರು. ನನಗೆ ಅವರ ಮೇಲೆ ಪ್ರೀತಿಯೂ ಉಕ್ಕಿತು, ಕಪ್ಪನ್ನು ಎತ್ತಿ ರಸ್ತೆಗೆ ಎಸೆಯಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಟೀ ಕುಡಿದು ಎದ್ದು ಬಂದೆ.

ಕರಾರು ಮುಗಿದಾಗ ಹೊಸದಕ್ಕೆ ಸಹಿ ಹಾಕಲು ಐರೋಲಿಯ ಆಫೀಸಿಗೆ ಕರೆದರು. ಸಂಬಳ ಹೆಚ್ಚಾಗಿತ್ತು, ಪೋಸ್ಟರೂ ದೊಡ್ಡದಾಗಿತ್ತು. ಕಾಲರ್ ಕುರ್ಚಿ ಮಾತ್ರ ಕಾಮೋಠೆಯ ಹುಡುಗನದೇ. ಪೆನ್ನು ಮುಟ್ಟದೆ ಕೂತೆ. ಮ್ಯಾನೇಜರ್ ಕನ್ನಡದವನೇ, ಹುಬ್ಬಳ್ಳಿ ಕಡೆಯವನು. ಹತ್ತಿರ ಬಗ್ಗಿ ಹೇಳಿದ, "ತಂಗಿ, ಚಾಂಪಿಯನ್ ಟೀಮ್ ಬಿಟ್ಟು ಯಾರರ ಹೋಗ್ತಾರೇನು? ಹುಚ್ಚು ಹಿಡಿದೈತೇನು ನಿನಗ? ಸಹಿ ಮಾಡು, ಸುಮ್ನ ಆಡು."

"ಆಡ್ತೇನೆ ಸಾರ್, ಸುಮ್ನೆ ಆಡುದಿಲ್ಲ. ಕುರ್ಚಿ ಕೊಟ್ರೆ ಇವತ್ತೇ ಸಹಿ."

ಕೊಡಲಿಲ್ಲ. ಎದ್ದು ಬಂದೆ. ಆಫೀಸಿನಿಂದ ಸ್ಟೇಷನ್ ತನಕ ತಲೆ ಎತ್ತಿಕೊಂಡೇ ನಡೆದೆ. ಥಾಣೆಯಲ್ಲಿ ಇಳಿದು ಬ್ರಿಡ್ಜ್ ಹತ್ತುವಾಗ ಮಾತ್ರ ನಡುವೆಯೇ ನಿಂತುಬಿಟ್ಟೆ. ಅಯ್ಯೋ, ಕೈಯಾರೆ ಏನು ಮಾಡಿಕೊಂಡೆ ಎಂದು ಅಷ್ಟು ಜನರ ನಡುವೆ ಕಂಬಿ ಹಿಡಿದು ಗಳಗಳ ಅತ್ತೆ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಅಂಬರನಾಥದ ತಮ್ಮನಿಗೆ ಫೋನ್ ಮಾಡಿದೆ. "ನಾನು ಬೇರೆ ಟೀಮ್ ಮಾಡ್ತಿದ್ದೇನೆ, ಬರ್ತೀಯಾ?" ಅವನು ಬಂದ. ಅಣ್ಣ ಅಲ್ಲೇ ಉಳಿದ. ಕಲ್ಯಾಣ್‌ನ ಕಾಲೇಜು ಹುಡುಗಿಯರಿಬ್ಬರು ಸೇರಿಕೊಂಡರು.

ಫ್ಲ್ಯಾಟ್ ಎಲ್ಲಿಂದ ಬರಬೇಕು? ಹೋಟೆಲಿನ ಮೇಲಿನ ಮಾಳಿಗೆಯೇ ನಮಗೆ ಫ್ಲ್ಯಾಟ್. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ ಅದು ನಮ್ಮದು. ಈ ಸಲ ಪೂರ್ತಿ ಪದ್ಧತಿ ಕಲಿಸಿದೆ. ಮುನ್ನುಗ್ಗಲು ಒಂದು ದನಿ, ಕ್ಯಾನ್ಸಲ್‌ಗೆ ಅದಕ್ಕಿಂತ ಜೋರು. ಕ್ಯಾನ್ಸಲ್ ಕೇಳಿದವರು ಯಾಕೆ ಎಂದು ಕೇಳಬಾರದು, ಇದ್ದಲ್ಲೇ ನಿಲ್ಲಬೇಕು, ಬೈಗಳು ಆಮೇಲೆ. ಒಂದು ದಿನ ಆಟ ಸಂಜೆಯ ತಿಂಡಿಯ ಹೊತ್ತಿನ ತನಕ ಎಳೆದಾಗ ನಾನು "ಕ್ಯಾನ್ಸಲ್!" ಎಂದು ಕಿರುಚಿದ ಹೊಡೆತಕ್ಕೆ ಕೆಳಗೆ ಭಟ್ಟರು ಹೊಯ್ಯುತ್ತಿದ್ದ ದೋಸೆಯನ್ನು ಬಿಟ್ಟು, ಸವುಟು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು. "ಯಾವ ಟೇಬಲಿಂದು?" ಎಂದು ಕೇಳಿ, ನಮ್ಮನ್ನು ನೋಡಿ, ಅವರು ಬೈದ ಬೈಗಳನ್ನು ಇಲ್ಲಿ ಬರೆಯಲಾರೆ.

ಮೊದಮೊದಲು ಸೋತೆವು, ಮೂಗಿಗೆ ಮಣ್ಣು ಮೆತ್ತಿಕೊಳ್ಳುವಷ್ಟು ಸೋತೆವು. ಯಾರು ಯಾರೋ ನನ್ನ ಫೋಟೋದ ಕೆಳಗೆ, ಅಡುಗೆಮನೆಗೆ ಹೋಗು ಎಂದು ಬರೆದರು. ಅಡುಗೆಮನೆಯ ಮೇಲೆಯೇ ಕೂತಿದ್ದೇನೆ, ಬನ್ನಿ ಎಂದು ಉತ್ತರ ಬರೆದೆ. ಮನೆಗೆ ಬಂದ ದೊಡ್ಡಮ್ಮ ಸೋಫಾದಲ್ಲಿ ಕೂತು, "ಚಿನ್ನದಂಥ ಟೀಮ್ ಬಿಟ್ಟೆ. ಮಾಡಿದ್ದುಣ್ಣೋ ಮಹರಾಯ ಅಂತ ಹಿರಿಯರು ಸುಮ್ನೆ ಹೇಳಿದ್ದಲ್ಲ," ಎಂದರು.

"ಉಣ್ತೇನೆ ದೊಡ್ಡಮ್ಮ. ಉಪ್ಪು ಸಹ ನಾನೇ ಹಾಕ್ಕೊಳ್ತೇನೆ," ಎಂದೆ. ಅಮ್ಮ ಬಾಗಿಲ ಹಿಂದೆ ನಕ್ಕಿದ್ದು ನನಗೆ ಕೇಳಿಸಿತು.

ಮುಂದಿನ ವರ್ಷ ಅದೇ ಟೂರ್ನಮೆಂಟಿನ ಫೈನಲಿಗೆ ನಾವೂ ಬಂದೆವು, ಹಳೆಯ ತಂಡವೂ ಬಂತು. ಕೊನೆಯ ಪಂದ್ಯದಲ್ಲಿ ಉಳಿದದ್ದು ನಾವು ಮತ್ತು ಅವರು, ಇಬ್ಬರೇ. ನಡುವೆ ಒಂದು ಗೋದಾಮು. ನಾನು ನುಗ್ಗಿ ಎಂದು ಕೂಗಿದೆ, ಮೂವರೂ "ಹಾಂ" ಎಂದು ಹೊರಟರು. ಹೊರಟ ಮೇಲೆ ಕಿಟಕಿಯಲ್ಲಿ ಬಂದೂಕಿನ ತುದಿ ಕಂಡಿತು. ನನ್ನ ಹೊಟ್ಟೆಯೊಳಗಿಂದ ಎದ್ದು ಬಂದ "ಕ್ಯಾನ್ಸಲ್!" ಸಭಾಂಗಣದ ಕೊನೆಯ ಸಾಲಿಗೂ ಕೇಳಿಸಿತಂತೆ. ಕೀರಲಾಗಿತ್ತೋ, ಗಡಸಾಗಿತ್ತೋ, ಯಾವನಿಗೆ ಬೇಕು? ಮೂವರೂ ಇದ್ದಲ್ಲೇ ಹುಲ್ಲಿಗೆ ಬಿದ್ದರು. ಒಬ್ಬರೂ ಯಾಕೆ ಎನ್ನಲಿಲ್ಲ. ನಾವು ಒಳಗೆ ಬರುತ್ತೇವೆಂದು ಕಾದು ಕಾದು, ಜಾಗ ಕಿರಿದಾದ ಮೇಲೆ ಅವರೇ ಬಾಗಿಲಿಗೆ ಬರಬೇಕಾಯಿತು. ಬಂದರು. ನಾನು ಎರಡನೇ ಸಲ ನುಗ್ಗಿ ಎಂದು ಕೂಗಿದೆ. ಅಷ್ಟೇ, ಮುಗಿಯಿತು.

ವೇದಿಕೆಯಲ್ಲಿ ನಿರೂಪಕಿ ನನ್ನ ಹೆಗಲ ಮೇಲೆ ಕೈ ಹಾಕಿದಳು. ಎದುರಿನ ಸಾಲಿನಲ್ಲಿ ಹಳೆಯ ಕೋಚ್ ಕೈ ಕಟ್ಟಿ ಕೂತಿದ್ದ. ಎರಡನೇ ಸಲ ಚಾಂಪಿಯನ್ ಆಗಿದ್ದೀರಿ, ಹೇಗನಿಸುತ್ತಿದೆ ಎಂದು ಹಿಂದಿಯಲ್ಲಿ ಕೇಳಿದಳು.

"ಮೊದಲನೇ ಸಲ," ಎಂದೆ.

ಖುಷಿಯಲ್ಲಿ ನನ್ನ ತಲೆ ತಿರುಗಿದೆ ಎಂದುಕೊಂಡು ಅವಳು ನಕ್ಕಳು. "ಎರಡನೇ ಸಲ!" ಎಂದು ಜನರ ಕಡೆ ತಿರುಗಿ ತಿದ್ದಿದಳು. ಜನ ಚಪ್ಪಾಳೆ ಹೊಡೆದರು.

ನಾನು ಅವಳ ಕೈಯಿಂದ ಮೈಕ್ ತೆಗೆದುಕೊಂಡೆ.

"ಮೊದಲನೇ ಸಲ," ಎಂದೆ. "ಹೋದ ವರ್ಷ ನನ್ನ ಬಾಯಿ ಮುಚ್ಚಿಸಿದ್ದರು."