ಇವತ್ತಿಗೆ ಮಾತ್ರ ಎಂದು ಬರೆದ ಸಾಲು

ವರ್ಕ್‌ಶಾಪಿನಲ್ಲಿ ಎಲ್ಲರೂ ಅವಳನ್ನು ಸೂಜಿಯಕ್ಕ ಅಂತಲೇ ಕರೆಯುತ್ತಿದ್ದರು. ಹೊಲಿಗೆ ಅವಳ ತಂಗಿಯ ಕಸುಬು. ಇವಳ ಸೂಜಿಗಳು ನಾಲ್ಕೇ ನಾಲ್ಕು. ಬುಡಕ್ಕೆ ಸ್ಪ್ರಿಂಗ್ ಇಟ್ಟು ಒಂದು ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿದಂಥವು. ಎಲೆಕ್ಟ್ರಾನಿಕ್ ಬೋರ್ಡನ್ನು ಅವುಗಳ ಮೇಲಿಟ್ಟು ಒತ್ತಿದರೆ, ಪ್ರೋಬ್ ಎಂಬ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ ಬೋರ್ಡಿನಲ್ಲಿರುವ ಚಿಪ್ಪನ್ನು ಮಾತಾಡಿಸುತ್ತದೆ. ಮೊದಲು ನೀನು ಯಾರು ಎಂದು ಕೇಳುತ್ತದೆ. ಚಿಪ್ ತನ್ನ ಸಂಖ್ಯೆ ಹೇಳುತ್ತದೆ. ಗೊತ್ತಿರುವ ಸಂಖ್ಯೆಯಾದರೆ ಪ್ರೋಗ್ರಾಂ ಒಳಗಿಳಿಯುತ್ತದೆ. ಇದೆಲ್ಲ ಯಾವ ಕ್ರಮದಲ್ಲಿ ನಡೆಯಬೇಕೆಂದು ಪ್ರೋಬಿಗೆ ಹೇಳಿಕೊಡುವ ಸ್ಕ್ರಿಪ್ಟ್ ಬರೆಯುವುದೂ ಅವಳದೇ ಕೆಲಸ. ಹನ್ನೊಂದು ವರ್ಷದಿಂದ ಅದೇ ಕಿಟಕಿ, ಅದೇ ಸ್ಟೂಲು.

ಆ ಬೋರ್ಡುಗಳು ಉಸಿರು ಕಾಯುವ ಯಂತ್ರದೊಳಗೆ ಹೋಗುತ್ತವೆ. ಹಾಸಿಗೆ ಹಿಡಿದವರ ಎದೆಗೆ ಅದರ ಪಟ್ಟಿ ಕಟ್ಟುತ್ತಾರೆ. ಹದಿನೈದು ಸೆಕೆಂಡು ಎದೆ ಏಳದಿದ್ದರೆ ಯಂತ್ರ ಕೂಗಬೇಕು, ಪಕ್ಕದ ಮನೆಯವರೂ ಓಡಿ ಬರುವ ಹಾಗೆ.

ಹಳೆಯ ಪ್ರೋಬ್ ಹೋದ ವಾರ ಸುಟ್ಟುಹೋಯಿತು. ಹೊಸದು ಬಂತು. ಅದಕ್ಕೆಂದು ಅವಳು ಸ್ಕ್ರಿಪ್ಟನ್ನು ಮೊದಲಿನಿಂದ ಬರೆದಳು. ಸೋಮವಾರ ಬೆಳಿಗ್ಗೆ ನಲವತ್ತು ಬೋರ್ಡುಗಳನ್ನು ಒಂದಾದ ಮೇಲೊಂದು ಸೂಜಿಗೆ ಒತ್ತಿದಳು. ನಲವತ್ತಕ್ಕೂ ಪರದೆಯ ಮೇಲೆ ಒಂದೇ ಉತ್ತರ: ಗುರುತಿಲ್ಲದ ಚಿಪ್.

ಮಾಲೀಕ ಚಹಾ ಲೋಟ ಹಿಡಿದು ಬಂದು ಹಿಂದೆ ನಿಂತ.

“ಏನಕ್ಕ, ನಿಮ್ಮ ಹೊಸ ಪ್ರೋಬ್ ಹೊಸದಾಗಿ ಬಂದ ಆಫೀಸರ್ ಥರ ಆಡ್ತಿದೆ. ಒಬ್ಬರನ್ನೂ ಗುರುತು ಹಿಡಿಯಲ್ವಲ್ಲ.”

“ತಂತಿ ನೋಡ್ತೀನಿ ಸರ್.”

“ನೋಡಿ, ನೋಡಿ. ನಾಲ್ಕಕ್ಕೆ ವ್ಯಾನ್ ಬರುತ್ತೆ. ನಿಮ್ಮ ತಂತಿ ಕಥೆ ಕೇಳೋಕೆ ಡ್ರೈವರ್‌ಗೆ ಪುರುಸೊತ್ತಿರಲ್ಲ.”

ಅವಳು ಅವಸರ ಮಾಡುವ ಜಾತಿಯಲ್ಲ. ತಂತಿ ಬದಲಿಸಿದಳು. ಗ್ರೌಂಡ್ ಸರಿಯಾಗಿ ಕೂತಿದೆಯೇ ಎಂದು ಮೀಟರ್ ಹಿಡಿದು ನೋಡಿದಳು. ಚಿಪ್ಪಿಗೆ ಕರೆಂಟು ಸರಿಯಾಗಿ ಹೋಗುತ್ತಿತ್ತು. ಪ್ರೋಬಿನ ವೇಗ ತಗ್ಗಿಸಿದಳು, ಕಿವಿ ಮಂದವಾದವರ ಜೊತೆ ನಿಧಾನವಾಗಿ ಮಾತಾಡುವಂತೆ. ರಿಸೆಟ್ ಒತ್ತಿ ಹಿಡಿದೇ ಮಾತಾಡಿಸಿದಳು. ಚಿಪ್ ಪ್ರತಿ ಸಲವೂ ತಡವರಿಸದೆ ಉತ್ತರ ಕೊಟ್ಟಿತು. ಹೇಳಿದ ಸಂಖ್ಯೆ ಮಾತ್ರ ಬೇರೆ.

ದುರಸ್ತಿಗೆ ವಾಪಸು ಬಂದ ಹಳೆಯ ಬೋರ್ಡೊಂದು ಕಪಾಟಿನಲ್ಲಿತ್ತು. ಒಂದೂವರೆ ವರ್ಷದ ಹಿಂದೆ ಅವಳೇ ಪಾಸು ಮಾಡಿ ಕಳಿಸಿದ್ದು. ಅದನ್ನು ಸೂಜಿಗಿಟ್ಟಳು. ಅದೂ ಗುರುತಿಲ್ಲದ ಚಿಪ್. ಅದೇ ಬೇರೆ ಸಂಖ್ಯೆ.

ಹಳೆಯ ಸ್ಕ್ರಿಪ್ಟ್ ತೆರೆದು, ಹೊಸದರ ಪಕ್ಕದಲ್ಲಿಟ್ಟು, ಬೆರಳಿಟ್ಟುಕೊಂಡು ಸಾಲು ಸಾಲಾಗಿ ಇಳಿದಳು. ಹದಿನೇಳನೆಯ ಸಾಲಿನಲ್ಲಿ ಬೆರಳು ನಿಂತಿತು. ಸಂಖ್ಯೆ ಯಾವುದಿದ್ದರೂ ಒಪ್ಪಿಕೋ, ನೆನಪಿಡುವ ಜಾಗ ಪೂರ್ತಿ ಇದೆ ಎಂದೇ ತಿಳಿ, ಎಂಬ ಆಜ್ಞೆ. ಅದರ ಪಕ್ಕದಲ್ಲಿ ಅವಳದೇ ಟಿಪ್ಪಣಿ: ಇವತ್ತಿಗೆ ಮಾತ್ರ. ಕೆಳಗೆ ಎರಡು ವರ್ಷದ ಹಿಂದಿನ ತಾರೀಖು.

ಆಗ ಚಿಪ್ಪುಗಳಿಗೆ ಬರಗಾಲ. ಮಾಲೀಕ ಎಲ್ಲಿಂದಲೋ ಸಾವಿರಾರು ಚಿಪ್ಪುಗಳ ಒಂದು ಸುರುಳಿ ತರಿಸಿದ್ದ. ಮೇಲಿನ ಅಚ್ಚೆಲ್ಲ ಸರಿಯಿತ್ತು, ಪ್ರೋಬ್ ಮಾತ್ರ ಒಪ್ಪಲಿಲ್ಲ. ಅಂದಿನ ವ್ಯಾನಿಗೆ ಆಗಲಿ ಎಂದು ಅವಳು ಆ ಸಾಲು ಬರೆದಳು. ನಾಳೆ ತೆಗೆದರಾಯಿತು ಅಂದುಕೊಂಡಳು. ನಾಳೆ ಬೇರೆ ಕೆಲಸ ಬಂತು. ಅಂದಿನಿಂದ ಆ ಪ್ರೋಬ್ ಯಾರನ್ನೂ ತಡೆದಿರಲಿಲ್ಲ.

ಊಟದ ಹೊತ್ತಿಗೆ ಅವಳು ಮನೆಗೆ ಹೋದಳು. ಊಟ ಮಾಡಲಿಲ್ಲ. ಕುರ್ಚಿ ಹಾಕಿಕೊಂಡು ಬೀರುವಿನ ಮೇಲಿಂದ ಅಮ್ಮನ ಶಾಲಿನಲ್ಲಿ ಸುತ್ತಿಟ್ಟಿದ್ದ ಯಂತ್ರವನ್ನು ಇಳಿಸಿದಳು.

ಅಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಮಟಮಟ ಮಧ್ಯಾಹ್ನ. ಅವತ್ತು ತಂಗಿಯ ಸರದಿ. ಅವಳು ಹಾಸಿಗೆ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು, ಕಣ್ಣು ಹತ್ತಿತ್ತು. ಎಚ್ಚರಾದಾಗ ಎಲ್ಲ ಮುಗಿದಿತ್ತು. “ಅಕ್ಕ, ಅದು ಕೂಗಲೇ ಇಲ್ಲ” ಎಂದಿದ್ದಳು. ಸೂಜಿಯಕ್ಕ ಯಂತ್ರದ ಪರೀಕ್ಷೆಯ ಗುಂಡಿ ಒತ್ತಿದ್ದಳು. ಅದು ಕೋಣೆ ಅದುರುವಂತೆ ಕೂಗಿತ್ತು. “ನನ್ನ ಕೈಯಾರೆ ಮಾಡಿದ ಬೋರ್ಡು ಕಣೆ. ಕೂಗದೆ ಇರಲ್ಲ,” ಎಂದಿದ್ದಳು. ಅಷ್ಟೇ ಮಾತು. ತಿಂಗಳು ಕಳೆಯುವ ಮುಂಚೆ ತಂಗಿ ತನ್ನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಗೆ ಟ್ರಂಕು ಎತ್ತಿಕೊಂಡು ಹೋದಳು.

ವರ್ಕ್‌ಶಾಪಿಗೆ ಮರಳಿ ಯಂತ್ರ ಬಿಚ್ಚಿ, ಬೋರ್ಡನ್ನು ಸೂಜಿಯ ಮೇಲಿಟ್ಟಳು. ಅದೇ ಸಂಖ್ಯೆ. ಒಳಗಿದ್ದುದನ್ನು ಓದಿಸಿದಳು. ಮೊದಲರ್ಧ ಬರೆದದ್ದು ಬರೆದಂತೆಯೇ ಇತ್ತು. ನಕಲಿ ಚಿಪ್ಪಿನ ಉಳಿದರ್ಧ ಬರೆದ ದಿನ ನೆನಪಿಟ್ಟು, ತಿಂಗಳು ಉರುಳಿದಂತೆ ಮರೆತಿತ್ತು. ಎಷ್ಟು ಹೊತ್ತು ಉಸಿರು ಕಾಣದಿದ್ದರೆ ಕೂಗಬೇಕೆಂಬ ಲೆಕ್ಕ ಇದ್ದದ್ದು ಆ ಅರ್ಧದಲ್ಲಿ. ಚಿಪ್ಪು ಮರೆತ ಜಾಗ ಸೊನ್ನೆಯಾಗುವುದಿಲ್ಲ, ಅಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯಾಗಿಬಿಡುತ್ತದೆ. ಅವಳು ಹಳೆಯ ರಸೀದಿಯ ಹಿಂದೆ ಗುಣಿಸಿ ಭಾಗಿಸಿ ನೋಡಿದಳು. ಹದಿನೈದು ಸೆಕೆಂಡ್ ಇರಬೇಕಾದ ಕಡೆ ಹದಿನೆಂಟು ಗಂಟೆ. ಪರೀಕ್ಷೆಯ ಗುಂಡಿಗೆ ಆ ಲೆಕ್ಕ ಬೇಕಿಲ್ಲ. ಅದು ಯಾವಾಗ ಒತ್ತಿದರೂ ಕೂಗುತ್ತದೆ.

ಮಾಲೀಕ ಎಲ್ಲ ಕೇಳಿ ಬಾಗಿಲು ಮುಂದೆ ಮಾಡಿದ.

“ಆ ಸಾಲು ಮತ್ತೆ ಹಾಕಿಬಿಡಿ ಅಕ್ಕ. ಎರಡು ವರ್ಷದಿಂದ ನಡೀತಾ ಇಲ್ವಾ? ಒಬ್ಬರಾದ್ರೂ ಬಂದು ಕೇಳಿದ್ರಾ?”

“ಇಲ್ಲ ಸರ್. ಮನೇಲಿ ಯಾರು ಕಾಯ್ತಾ ಕೂತಿದ್ರೋ ಅವರನ್ನೇ ಕೇಳಿರ್ತಾರೆ.”

ಅವನು ಲೋಟದ ತಳ ನೋಡಿದ. “ಬರೆದೋರು ನೀವು. ಅದನ್ನೂ ಸ್ವಲ್ಪ ಯೋಚನೆ ಮಾಡಿ.”

“ಅದನ್ನೇ ಯೋಚನೆ ಮಾಡಿದ್ದು.”

ಯಂತ್ರಗಳು ಹೋದ ಮನೆಗಳ ರಿಜಿಸ್ಟರನ್ನು ಅವಳು ಚೀಲಕ್ಕೆ ಹಾಕಿಕೊಂಡಳು. ಸೂಜಿಯ ಹಲಗೆಯನ್ನೂ ಹಾಕಿಕೊಂಡಳು. ಅದಿಲ್ಲದೆ ಆ ನಲವತ್ತನ್ನು ಯಾರೂ ಪಾಸು ಮಾಡುವಂತಿರಲಿಲ್ಲ. ಗೇಟಿನಲ್ಲಿ ವ್ಯಾನ್ ಎದುರಾಯಿತು. “ಏನಕ್ಕ, ಇಷ್ಟು ಬೇಗ?” ಎಂದು ಡ್ರೈವರ್ ಕೇಳಿದ. ಅವಳು ತಲೆಯಾಡಿಸಿ ದಾಟಿದಳು.

ಹೊಲಿಗೆ ಅಂಗಡಿಯಲ್ಲಿ ತಂಗಿ ಒಂದು ಉದ್ದ ಪರದೆಗೆ ಅಂಚು ಹೊಲಿಯುತ್ತಿದ್ದಳು. ಕಾಲು ನಿಲ್ಲಿಸಲಿಲ್ಲ.

“ಏನು, ದಾರಿ ತಪ್ಪಿ ಬಂದ್ಯಾ?”

“ಅವತ್ತು ಅದು ಕೂಗಿರಲಿಲ್ಲ,” ಎಂದಳು ಸೂಜಿಯಕ್ಕ. ನಿಂತೇ ಎಲ್ಲ ಹೇಳಿದಳು. ಸಾಲು, ತಾರೀಖು, ಹದಿನೆಂಟು ಗಂಟೆ.

ಹೊಲಿಗೆ ಯಂತ್ರ ನಿಂತಿತು. ತಂಗಿ ತುಂಬ ಹೊತ್ತು ಬಟ್ಟೆಯ ಸುಕ್ಕನ್ನು ಹೆಬ್ಬೆರಳಿನಿಂದ ತೀಡಿದಳು.

“ನಾನು ಮಲಗಿದ್ದೆ, ಅದು ನಿಜ. ಎಂಟು ತಿಂಗಳಿಂದ ನಿದ್ದೆ ಬಂದ್ರೆ ಭಯ ಆಗುತ್ತೆ ನಂಗೆ,” ಎಂದಳು. “ಇಂಥವು ಇನ್ನೆಷ್ಟಿವೆ?”

“ಇನ್ನೂರ ಹನ್ನೊಂದು.”

“ಹಂಗಿದ್ರೆ ನನ್ನ ಮುಂದೆ ಯಾಕೆ ನಿಂತಿದೀಯ? ಪಟ್ಟಿ ಎಲ್ಲಿ?”

ಕ್ಷಮಿಸಿದೆ ಎನ್ನಲಿಲ್ಲ, ಕೂತ್ಕೋ ಎಂದೂ ಅನ್ನಲಿಲ್ಲ. ತಂಗಿ ಫೋನ್ ಹಿಡಿದು ರಿಜಿಸ್ಟರಿನ ಕೊನೆಯ ಪುಟದಿಂದ ಶುರು ಮಾಡಿದಳು. ಸೂಜಿಯಕ್ಕ ನೆಲದ ಮೇಲೆ ಕೂತು ಇನ್ನೊಂದು ತುದಿಯಿಂದ. ಎಲ್ಲರಿಗೂ ಒಂದೇ ಮಾತು: ಯಂತ್ರ ನಂಬಬೇಡಿ, ಒಬ್ಬರು ಎಚ್ಚರವಾಗಿ ಕೂತಿರಿ, ಬದಲಿ ಬೋರ್ಡು ನಾವೇ ತರುತ್ತೇವೆ. ಒಬ್ಬರು ಬೈದರು. ಒಬ್ಬರು ಏನು ಮಾರುತ್ತಿದ್ದೀರಿ ಎಂದು ಕೇಳಿ ಫೋನ್ ಇಟ್ಟರು.

ತಂಗಿಯ ಆರನೆಯ ಕರೆಗೆ ಗಂಡಸಿನ ದನಿ. ಅಷ್ಟು ಚಿಕ್ಕ ಕೋಣೆಯಲ್ಲಿ ಅದು ಸೂಜಿಯಕ್ಕನಿಗೂ ಕೇಳಿಸಿತು. “ಆ ಯಂತ್ರ ಈಗ ಬೇಡಮ್ಮ. ಅಪ್ಪ ಹೋಗಿ ಎರಡು ತಿಂಗಳಾಯ್ತು.”

ತಂಗಿ ಅಕ್ಕನ ಕಡೆ ನೋಡಲಿಲ್ಲ. ದಾರದ ಉಂಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

“ಆವಾಗ ಅವರ ಹತ್ತಿರ ಯಾರು ಕೂತಿದ್ರು?”

“ನನ್ನ ಹೆಂಡತಿ.”

“ಅವರಿಗೆ ಫೋನ್ ಕೊಡ್ತೀರಾ?” ಎಂದಳು ತಂಗಿ. “ನಾನು ಅವರ ಹತ್ತಿರಾನೇ ಮಾತಾಡಬೇಕು.”